ಕ್ರೌನ್-ಪಿನಿಯನ್, ಟೈರ್ ಎರಡೂ ಬದಲಾದ ಮೇಲೆ ಲಾರಿಯ ಸ್ಪೀಡೋಮೀಟರ್ ಕಡಿಮೆ ತೋರಿಸುತ್ತಿದೆ, ಸರಿಪಡಿಸುವುದು ಹೇಗೆ?

ಪ್ರಶ್ನೆ: ಕಾರಟಗಿಯ ಅಕ್ಕಿ ಲಾರಿ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಬಿಎಸ್-4 ಮಾದರಿಯ ಆರು ಚಕ್ರದ ಲಾರಿಯೊಂದಿದೆ. ಹಿಂದಿನ ಮಾಲೀಕರು ಅದನ್ನು ಸಂಡೂರಿನ ಏರುದಾರಿಗಳಲ್ಲಿ ಅದಿರು ಸಾಗಿಸಲು ಬಳಸುತ್ತಿದ್ದುದರಿಂದ, ಎಳೆಯುವ ಶಕ್ತಿ ಹೆಚ್ಚಿರಲೆಂದು ಹಿಂದಿನ ಆಕ್ಸಲಿನ ಹೌಸಿಂಗ್‌ನಲ್ಲಿ 41/6 ಹಲ್ಲಿನ ಕ್ರೌನ್-ಪಿನಿಯನ್ (ಶಾಫ್ಟಿನ ತಿರುಗುವಿಕೆಯನ್ನು ಹಿಂದಿನ ಚಕ್ರಗಳಿಗೆ ದಾಟಿಸುವ ಹಲ್ಲುಚಕ್ರಗಳ ಜೋಡಿ) ಇಟ್ಟುಕೊಂಡಿದ್ದರು, ಟೈರುಗಳು 9.00-20 ಅಳತೆಯ ನೈಲಾನ್ ಟೈರುಗಳಾಗಿದ್ದವು. ಆಗ ಮೀಟರ್ ಸರಿಯಾಗಿಯೇ ತೋರಿಸುತ್ತಿತ್ತು. ನಾವು ಕಾರಟಗಿ, ಗಂಗಾವತಿಯ ಗಿರಣಿಗಳಿಂದ ಬೆಂಗಳೂರಿಗೆ ಅಕ್ಕಿ ಒಯ್ಯುವವರು. ಹೊಸಪೇಟೆ ದಾಟಿ ಚಿತ್ರದುರ್ಗದ ಕಡೆಗೆ ನಾಲ್ಕು ಪಥದ ಹೆದ್ದಾರಿ ಹಿಡಿದರೆ ಎಂಜಿನ್ ವಿನಾಕಾರಣ ಹೆಚ್ಚು ಸುತ್ತುತ್ತಿತ್ತು. ಆದ್ದರಿಂದ 41/7 ಹಲ್ಲಿನ ಕ್ರೌನ್-ಪಿನಿಯನ್ ಹಾಕಿಸಿ, ಅದೇ ಸಮಯದಲ್ಲಿ ಟೈರುಗಳನ್ನೂ 10.00 ಆರ್ 20 ರೇಡಿಯಲ್‌ಗೆ ಬದಲಾಯಿಸಿದೆವು.

ಅಂದಿನಿಂದ ಮೀಟರಿಗೂ ರಸ್ತೆಗೂ ತಾಳೆಯಾಗುತ್ತಿಲ್ಲ. ಮುಳ್ಳು 50ರ ಮೇಲಿರುವಾಗ ಮೊಬೈಲಿನ ಜಿಪಿಎಸ್ 60 ತೋರಿಸುತ್ತದೆ. ವೇಗದ ವಿಷಯ ಹಾಗಿರಲಿ, ಡೀಸೆಲ್ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ತೊಂದರೆ ಎದ್ದಿದೆ. ಮೊದಲು ಲೀಟರಿಗೆ 4 ಕಿಲೋಮೀಟರ್ ಬರುತ್ತಿದ್ದ ಆವರೇಜ್, ಈ ಬದಲಾವಣೆಯಿಂದ ಸ್ವಲ್ಪ ಹೆಚ್ಚಬೇಕಿತ್ತು. ಮೀಟರ್ ಪ್ರಕಾರ ನೋಡಿದರೆ 3.4ಕ್ಕೆ ಇಳಿದಿದೆ. ಲೆಕ್ಕಪತ್ರ ನೋಡಿಕೊಳ್ಳುವ ನಮ್ಮ ಅಣ್ಣನವರು ಇದು ಡ್ರೈವರ್ ಕೈಚಳಕವೇ ಎಂದು ನಂಬಿದ್ದಾರೆ. ಆ ಡ್ರೈವರ್ ಹಲವು ವರ್ಷಗಳಿಂದ ನಮ್ಮ ಮನೆಯವರಂತೆ ಇರುವವರು. ಅವರ ಮೇಲೆ ಇಂಥ ಮಾತು ಬರುವುದು ನನಗೆ ಸಹಿಸಲಾಗುತ್ತಿಲ್ಲ. ಕೆಲಸ ಮಾಡಿಕೊಟ್ಟ ವರ್ಕ್‌ಶಾಪಿನವರು ಮೀಟರ್ ತಮ್ಮ ಕೆಲಸವಲ್ಲ ಎನ್ನುತ್ತಾರೆ. ಮೀಟರ್ ರಿಪೇರಿಯವರೊಬ್ಬರು ಮುಳ್ಳು ಕಿತ್ತು ಸ್ವಲ್ಪ ಮುಂದಕ್ಕೆ ಕೂರಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಇದನ್ನು ಶಾಶ್ವತವಾಗಿ ಸರಿಪಡಿಸುವ ಕ್ರಮ ಯಾವುದು, ದಯವಿಟ್ಟು ತಿಳಿದವರು ವಿವರವಾಗಿ ತಿಳಿಸಬೇಕು.

ಉತ್ತರ: ಬಳ್ಳಾರಿಯ ಆಟೋ ಎಲೆಕ್ಟ್ರಿಷಿಯನ್

ಮೊದಲಿಗೆ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ: ಮುಳ್ಳನ್ನು ಕೀಳಲು ಯಾರಿಗೂ ಬಿಡಬೇಡಿ. ನಿಮ್ಮ ಮೀಟರಿನ ತಪ್ಪು ವೇಗದ ಜೊತೆಗೆ ಬೆಳೆಯುವ ತಪ್ಪು. 30ರಲ್ಲಿ ಅದು 6 ಕಿಲೋಮೀಟರ್ ಇದ್ದರೆ 60ರಲ್ಲಿ 12 ಆಗುತ್ತದೆ. ಮುಳ್ಳನ್ನು ಮುಂದಕ್ಕೆ ಕೂರಿಸಿದರೆ ಯಾವುದೋ ಒಂದು ವೇಗದಲ್ಲಿ ಮಾತ್ರ ತಾಳೆಯಾಗಿ ಉಳಿದೆಡೆ ತಪ್ಪಾಗುತ್ತದೆ, ನಿಂತ ಲಾರಿಯಲ್ಲಿ ಸೊನ್ನೆಯೇ ಸರಿಯಾಗಿ ಬರುವುದಿಲ್ಲ. ಕಿಲೋಮೀಟರ್ ಎಣಿಸುವ ಓಡೋಮೀಟರ್ ಅಂತೂ ಮುಳ್ಳಿಗೆ ಸಂಬಂಧವೇ ಇಲ್ಲದೆ ಹಳೆಯ ತಪ್ಪನ್ನೇ ಮುಂದುವರಿಸುತ್ತದೆ.

ಕಾರಣ ಇಷ್ಟು. ನಿಮ್ಮಂಥ ಲಾರಿಗಳಲ್ಲಿ ವೇಗದ ಸೆನ್ಸರ್ ಇರುವುದು ಗೇರ್‌ಬಾಕ್ಸಿನ ಹಿಂತುದಿಯಲ್ಲಿ, ಹಿಂದಿನ ಆಕ್ಸಲಿಗೆ ತಿರುಗುವಿಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಜೋಡಿಸುವ ಜಾಗದ ಹತ್ತಿರ. ಅದು ಶಾಫ್ಟಿನ ಸುತ್ತುಗಳನ್ನಷ್ಟೇ ಎಣಿಸಿ ಮೀಟರಿಗೆ ವಿದ್ಯುತ್ ಮಿಡಿತಗಳನ್ನು (ಪಲ್ಸ್) ಕಳುಹಿಸುತ್ತದೆ. ಹಿಂದೆ ಯಾವ ಕ್ರೌನ್-ಪಿನಿಯನ್ ಇದೆ, ಯಾವ ಟೈರ್ ಇದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಒಂದು ಕಿಲೋಮೀಟರಿಗೆ ಇಷ್ಟು ಮಿಡಿತ ಎಂಬ ಒಂದು ಸಂಖ್ಯೆ ಮೀಟರಿನೊಳಗೆ ಬರೆದಿರುತ್ತದೆ, ಅದರಿಂದ ಭಾಗಿಸಿ ಮೀಟರ್ ದೂರವನ್ನೂ ವೇಗವನ್ನೂ ತೋರಿಸುತ್ತದೆ. 41/6 ಎಂದರೆ ಚಕ್ರ ಒಂದು ಸುತ್ತು ಬರಲು ಶಾಫ್ಟ್ 6.83 ಸುತ್ತು ತಿರುಗಬೇಕು. 41/7 ಎಂದರೆ 5.86 ಸುತ್ತು ಸಾಕು. ಅಂದರೆ ಅದೇ ದೂರಕ್ಕೆ ಶಾಫ್ಟಿನ ಸುತ್ತು ಏಳರಲ್ಲಿ ಒಂದು ಪಾಲು ಕಡಿಮೆಯಾಯಿತು. ಅದರ ಮೇಲೆ 9.00-20 ಟೈರ್ ಒಂದು ಸುತ್ತಿಗೆ ಸುಮಾರು 3.10 ಮೀಟರ್ ಉರುಳಿದರೆ 10.00 ಆರ್ 20 ಸುಮಾರು 3.20 ಮೀಟರ್ ಉರುಳುತ್ತದೆ, ಆದ್ದರಿಂದ ಸುತ್ತು ಇನ್ನೂ ಶೇಕಡಾ 3ರಷ್ಟು ಇಳಿಯುತ್ತದೆ. ಎರಡನ್ನೂ ಗುಣಿಸಿದರೆ 0.857 × 0.969, ಅಂದರೆ 0.83. ನೂರು ಕಿಲೋಮೀಟರ್ ಓಡಿದರೆ ನಿಮ್ಮ ಮೀಟರ್ 83 ಎಣಿಸುತ್ತದೆ, ಮುಳ್ಳು 50ರಲ್ಲಿದ್ದರೆ ಲಾರಿ 60ರಲ್ಲಿರುತ್ತದೆ. ನೀವು ಜಿಪಿಎಸ್‌ನಲ್ಲಿ ಕಂಡದ್ದೂ ಅದನ್ನೇ.

ಈಗ ಡೀಸೆಲ್ ಲೆಕ್ಕ ನೋಡಿ. ಮೀಟರ್ 415 ಕಿಲೋಮೀಟರ್ ತೋರಿಸಿದ ಕಡೆ ಲಾರಿ ಓಡಿರುವುದು 500. ಅದಕ್ಕೆ 122 ಲೀಟರ್ ಹಿಡಿದಿದ್ದರೆ ಮೀಟರ್ ಪ್ರಕಾರ ಆವರೇಜ್ 3.4, ನಿಜವಾದ ಆವರೇಜ್ 4.1. ಹಳೆಯ 4ರ ಲೆಕ್ಕ ಹಿಡಿದು 415ಕ್ಕೆ 104 ಲೀಟರ್ ಸಾಕಿತ್ತು ಎಂದು ಕುಳಿತವರಿಗೆ 18 ಲೀಟರ್ ಎಲ್ಲಿಗೋ ಹೋದಂತೆ ಕಾಣುತ್ತದೆ. ಎಲ್ಲಿಗೂ ಹೋಗಿಲ್ಲ, ಲಾರಿಯೇ ಅದನ್ನು ಸುಟ್ಟು 85 ಕಿಲೋಮೀಟರ್ ಹೆಚ್ಚು ಓಡಿದೆ. ನೀವು ನಿರೀಕ್ಷಿಸಿದ್ದ ಅಲ್ಪ ಉಳಿತಾಯವೂ ನಿಮಗೆ ಸಿಕ್ಕಿದೆ. ಅಣ್ಣನವರಿಗೆ ಈ ಲೆಕ್ಕವನ್ನು ಮೊದಲು ತೋರಿಸಿ, ಉಳಿದದ್ದು ಆಮೇಲೆ.

ಆದರೆ ಮೀಟರಿಗೆ ಹೊಸ ಸಂಖ್ಯೆ ಹಾಕಿಸುವಾಗ ನಾನು ಮೇಲೆ ಹೇಳಿದ 3.10, 3.20 ಎಂಬ ಅಂದಾಜನ್ನು ಬಳಸಬೇಡಿ, ನಿಮ್ಮ ಟೈರನ್ನೇ ಅಳೆಯಿರಿ. ಟೈರಿನ ಪಕ್ಕದಲ್ಲಿ ಬರೆದ ಅಳತೆಯಿಂದ ವ್ಯಾಸ ಲೆಕ್ಕ ಹಾಕಿದರೆ ಲೋಡ್ ಬಿದ್ದಾಗ ಟೈರ್ ತಗ್ಗುವುದು ಅದರಲ್ಲಿ ಸೇರುವುದಿಲ್ಲ. ಆ ಒಂದರಿಂದಲೇ ಶೇಕಡಾ 3ರಷ್ಟು ವ್ಯತ್ಯಾಸ ಬರುತ್ತದೆ. ಮಾಮೂಲಿ ಲೋಡ್ ಹಾಕಿ, ಟೈರ್ ತಣ್ಣಗಿರುವಾಗಲೇ ಗಾಳಿ ಸರಿನೋಡಿ, ಗಿರಣಿಯ ಕಾಂಕ್ರೀಟ್ ಅಂಗಳದಂಥ ಸಮನಾದ ನೆಲದಲ್ಲಿ ಲಾರಿ ನಿಲ್ಲಿಸಿ. ಹಿಂದಿನ ಹೊರಚಕ್ರದ ಟೈರ್ ನೆಲಕ್ಕೆ ತಾಗಿದ ಜಾಗದಲ್ಲಿ ಟೈರಿಗೂ ನೆಲಕ್ಕೂ ಸೀಮೆಸುಣ್ಣದಿಂದ ಒಂದೇ ನೇರದಲ್ಲಿ ಗೆರೆ ಎಳೆದು, ಸ್ಟಿಯರಿಂಗ್ ಅಲುಗಿಸದೆ ನಿಧಾನವಾಗಿ ನೇರ ಮುಂದಕ್ಕೆ ಹತ್ತು ಸುತ್ತು ಉರುಳಿಸಿ, ಗೆರೆ ಮತ್ತೆ ಕೆಳಗೆ ಬಂದ ಜಾಗಕ್ಕೆ ಗುರುತು ಹಾಕಿ ಟೇಪಿನಿಂದ ಅಳೆದು ಹತ್ತರಿಂದ ಭಾಗಿಸಿ. ಅಳೆಯಬೇಕಾದದ್ದು ಹಿಂದಿನ ಚಕ್ರವನ್ನೇ, ಏಕೆಂದರೆ ಶಾಫ್ಟಿಗೆ ಸಂಬಂಧವಿರುವುದು ಅದಕ್ಕೆ ಮಾತ್ರ. ಟೈರ್ ಹೊಸದಾಗಿರುವಾಗಲೇ ಅಳೆಯುವುದು ಒಳ್ಳೆಯದು. ಟ್ರೆಡ್ 12 ಮಿಲಿಮೀಟರ್ ಸವೆದರೆ ವ್ಯಾಸ 24 ಮಿಲಿಮೀಟರ್ ಇಳಿದು ಮೀಟರ್ ಶೇಕಡಾ 2ಕ್ಕಿಂತ ತುಸು ಹೆಚ್ಚು ತೋರಿಸತೊಡಗುತ್ತದೆ. ಮೀಟರ್ ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸಿದರೆ ಯಾರಿಗೂ ಅಪಾಯವಿಲ್ಲ, ಕಡಿಮೆ ಮಾತ್ರ ಎಂದೂ ತೋರಿಸಬಾರದು.

ಇದರ ಜೊತೆಗೆ ರಸ್ತೆಯ ಮೇಲೂ ಒಮ್ಮೆ ಪರೀಕ್ಷಿಸಿ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ನಡುವೆ 20 ಕಿಲೋಮೀಟರ್ ಓಡಿಸಿ, ಓಡೋಮೀಟರ್ ಎಷ್ಟು ಎಣಿಸಿತು ಎಂದು ಬರೆದುಕೊಳ್ಳಿ. ರಸ್ತೆ ಅಗಲ ಮಾಡಿದ ಕಡೆ ಒಂದೆರಡು ಕಲ್ಲುಗಳು ಹಿಂದೆ ಮುಂದೆ ಸರಿದಿರುತ್ತವೆ, ಆದ್ದರಿಂದ ಒಂದೇ ಕಿಲೋಮೀಟರನ್ನು ನಂಬಬಾರದು. ಅಂಗಳದ ಅಳತೆಯೂ ರಸ್ತೆಯ ಅಳತೆಯೂ ಒಂದಕ್ಕೊಂದು ಹೊಂದಿದರೆ ನಿಮ್ಮ ಸಂಖ್ಯೆ ಸರಿಯಾಗಿದೆ ಎಂದರ್ಥ.

ಉತ್ತರ: ಸಿಂಧನೂರಿನ ಚಾಲಕ

ಮೇಲಿನವರು ಹೇಳಿದ ಲೆಕ್ಕ ಸರಿಯಾಗಿದೆ. ಜಿಪಿಎಸ್ ಇಲ್ಲದವರು ಗಡಿಯಾರದಿಂದಲೂ ಇದನ್ನು ಪತ್ತೆ ಹಚ್ಚಬಹುದು. ನೇರವಾದ ಖಾಲಿ ರಸ್ತೆಯಲ್ಲಿ ಮುಳ್ಳನ್ನು 60ರಲ್ಲಿ ಕದಲದಂತೆ ಹಿಡಿದರೆ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಸರಿಯಾಗಿ 60 ಸೆಕೆಂಡ್ ಆಗಬೇಕು. 50 ಸೆಕೆಂಡಿಗೇ ಮುಂದಿನ ಕಲ್ಲು ಬಂದರೆ ಲಾರಿ 72ರಲ್ಲಿದೆ ಎಂದು ತಿಳಿಯಬೇಕು. ಸೆಕೆಂಡ್ ನೋಡುವ ಕೆಲಸವನ್ನು ಕ್ಲೀನರ್ ಮಾಡಲಿ, ಚಾಲಕರ ಕಣ್ಣು ರಸ್ತೆಯ ಮೇಲೇ ಇರಲಿ. ಜಿಪಿಎಸ್ ನೋಡುವವರೂ ವೇಗ ಒಂದೇ ಸಮನಾಗಿ ಕೆಲವು ಹೊತ್ತು ನಿಂತ ಮೇಲೆಯೇ ನೋಡಬೇಕು, ವೇಗ ಏರುವಾಗ ಇಳಿಯುವಾಗ ಅದು ಹಿಂದೆ ಬೀಳುತ್ತದೆ.

ನನಗೆ ಇದರಲ್ಲಿ ದೊಡ್ಡ ಭಯ ವೇಗದ್ದೇ. 2018ರ ಏಪ್ರಿಲ್ ಅಧಿಸೂಚನೆಯಂತೆ ಸರಕು ವಾಹನಗಳಿಗೆ ನಾಲ್ಕು ಪಥದ ಹೆದ್ದಾರಿಯಲ್ಲಿ 80, ಸಾಧಾರಣ ರಸ್ತೆಗಳಲ್ಲಿ 60 ಗರಿಷ್ಠ ಮಿತಿ. ಕಾರಟಗಿಯಿಂದ ಗಂಗಾವತಿಗೆ ಹೋಗುವಾಗ ಭತ್ತದ ಟ್ರ್ಯಾಕ್ಟರುಗಳು, ದೀಪವಿಲ್ಲದ ಟ್ರೇಲರುಗಳು, ಕಾಲುವೆ ದಾರಿಯಿಂದ ಏಕಾಏಕಿ ರಸ್ತೆಗೆ ಬರುವ ಬೈಕುಗಳು, ಇವೆಲ್ಲದರ ನಡುವೆ 60 ಎಂದು ನಂಬಿ 72ರಲ್ಲಿ ಹೋಗುವ ಲೋಡಿನ ಲಾರಿಗೆ ಬ್ರೇಕ್ ಹಿಡಿದು ನಿಲ್ಲಲು ಬೇಕಾದ ದೂರ ಸುಮಾರು ಒಂದೂವರೆ ಪಟ್ಟು ಆಗುತ್ತದೆ, ಏಕೆಂದರೆ ಆ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಕ್ಯಾಮೆರಾ ಹಿಡಿದರೆ ಮೋಟಾರು ವಾಹನ ಕಾಯ್ದೆಯ 183ನೇ ಕಲಮಿನಡಿ ಭಾರಿ ಸರಕು ವಾಹನಕ್ಕೆ 2,000ದಿಂದ 4,000 ರೂಪಾಯಿ ದಂಡವಿದೆ, ಮೀಟರ್ ಕಡಿಮೆ ತೋರಿಸುತ್ತಿತ್ತು ಎಂದರೆ ಅಲ್ಲಿ ಯಾರೂ ಕೇಳುವುದಿಲ್ಲ. ಮೀಟರ್ ಸರಿಯಾಗುವ ತನಕ ಮುಳ್ಳು 50 ದಾಟಬಾರದು, ನಾಲ್ಕು ಪಥದಲ್ಲಿ 65 ದಾಟಬಾರದು ಎಂದು ಒಂದು ಚೀಟಿ ಬರೆದು ಮೀಟರ್ ಬೋರ್ಡಿನ ಪಕ್ಕ ಅಂಟಿಸಿ. ಬದಲಿ ಚಾಲಕರು ಬಂದರೆ ಅವರಿಗೂ ಅದು ಕಾಣಬೇಕು.

ನಿಮ್ಮ ಡ್ರೈವರ್ ಪರವಾಗಿ ನೀವು ನಿಂತಿರುವುದು ದೊಡ್ಡ ವಿಷಯ. ಮಾಲೀಕರು ಮೀಟರ್ ನೋಡಿ ಲೆಕ್ಕ ಕೇಳುತ್ತಾರೆ, ಚಾಲಕರ ಕೈಯಲ್ಲಿ ಉತ್ತರಕ್ಕೆ ಬೇರೆ ಸಾಕ್ಷಿಯೇ ಇರುವುದಿಲ್ಲ.

ಉತ್ತರ: ತೋರಣಗಲ್ಲಿನ ವರ್ಕ್‌ಶಾಪ್ ಸೂಪರ್‌ವೈಸರ್

ಸರಿಪಡಿಸುವ ದಾರಿಯ ಬಗ್ಗೆ ಹೇಳುತ್ತೇನೆ. ನಿಮ್ಮ ಲಾರಿಯಲ್ಲಿ ಸೆನ್ಸರಿನಿಂದ ಬರುವ ಮಿಡಿತ ಮೀಟರಿಗೆ ಮಾತ್ರವಲ್ಲದೆ ವೇಗ ಮಿತಿ ಮೀರದಂತೆ ತಡೆಯುವ ಸ್ಪೀಡ್ ಗವರ್ನರಿಗೂ, ಎಂಜಿನ್ನಿನ ಇಸಿಎಂಗೂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೂ) ಹೋಗುತ್ತಿರಬಹುದು, ಆದ್ದರಿಂದ ಮೀಟರ್ ಒಂದನ್ನೇ ಸರಿ ಮಾಡಿದರೆ ಕೆಲಸ ಅರ್ಧ ಮಾತ್ರ ಆಗುತ್ತದೆ. ಇದನ್ನು ಎಲ್ಲಕ್ಕಿಂತ ಮೊದಲು ಗಮನಿಸಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 118ನೇ ನಿಯಮದಂತೆ ಇಂಥ ಸರಕು ಲಾರಿಗೆ ಗವರ್ನರ್ 80ಕ್ಕೆ ಕಟ್ಟಿರುತ್ತದೆ. ಅದು ಹಳೆಯ ಸಂಖ್ಯೆಯನ್ನೇ ನಂಬಿಕೊಂಡಿದ್ದರೆ ಅದರ 80 ಎಂಬುದು ನಿಜದ 96. ಅಂದರೆ ಲಾರಿ 96 ಮುಟ್ಟುವ ತನಕ ಗವರ್ನರ್ ಸುಮ್ಮನಿರುತ್ತದೆ, ಇದ್ದೂ ಇಲ್ಲದಂತಾಗಿದೆ.

ಉತ್ತಮ ದಾರಿಯೆಂದರೆ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಹೋಗಿ, ಅವರ ಸ್ಕ್ಯಾನರ್ ಜೋಡಿಸಿ, ಹೌಸಿಂಗ್ ಅನುಪಾತ (ಕ್ರೌನ್-ಪಿನಿಯನ್ನಿನ 41/7) ಮತ್ತು ಟೈರಿನ ಉರುಳಳತೆಯನ್ನು (ಒಂದು ಸುತ್ತಿಗೆ ಉರುಳುವ ದೂರವನ್ನು), ಅಥವಾ ನೇರವಾಗಿ ಕಿಲೋಮೀಟರಿಗೆ ಎಷ್ಟು ಮಿಡಿತ ಎಂಬ ಸಂಖ್ಯೆಯನ್ನು ಮರುನಮೂದು ಮಾಡಿಸುವುದು. ಆ ಸಂಖ್ಯೆ ಹೀಗೆ ಬರುತ್ತದೆ: ಶಾಫ್ಟಿನ ಒಂದು ಸುತ್ತಿಗೆ ಬರುವ ಮಿಡಿತಗಳನ್ನು ಹೌಸಿಂಗ್ ಅನುಪಾತದಿಂದ ಗುಣಿಸಿ, ಒಂದು ಸಾವಿರದಿಂದ ಗುಣಿಸಿ, ಟೈರಿನ ಉರುಳಳತೆಯಿಂದ ಭಾಗಿಸಬೇಕು. ಸುತ್ತಿಗೆ 8 ಮಿಡಿತವಿದ್ದರೆ ಹಳೆಯ ಜೋಡಣೆಗೆ ಸುಮಾರು 17,630, ಹೊಸದಕ್ಕೆ ಸುಮಾರು 14,640. ಸುತ್ತಿಗೆ ಎಷ್ಟು ಮಿಡಿತ ಎಂದು ಗೊತ್ತಾಗದಿದ್ದರೂ ಚಿಂತೆಯಿಲ್ಲ. ಈಗ ಮೀಟರಿನಲ್ಲಿರುವ ಸಂಖ್ಯೆಯನ್ನು ಓದಿ, ಓಡೋಮೀಟರ್ ತೋರಿಸಿದ ದೂರದಿಂದ ಗುಣಿಸಿ ನಿಜವಾದ ದೂರದಿಂದ ಭಾಗಿಸಿದರೆ ಹೊಸ ಸಂಖ್ಯೆ ಸಿಗುತ್ತದೆ. ಕೆಲವು ಹಳೆಯ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಹಿಂಬದಿಯ ಸಣ್ಣ ಸ್ವಿಚ್ಚುಗಳ ಸಾಲಿನಿಂದಲೇ ಇದನ್ನು ಬದಲಿಸಬಹುದು.

ಸೆನ್ಸರಿಗೂ ಮೀಟರಿಗೂ ನಡುವೆ ಹಾಕುವ, ಮಿಡಿತದ ಅನುಪಾತ ಬದಲಿಸುವ ಸಣ್ಣ ಪೆಟ್ಟಿಗೆಯೂ ಇದೆ. ಸರ್ವಿಸ್ ಕೇಂದ್ರದಲ್ಲಿ ಆಗದಿದ್ದರೆ ಮಾತ್ರ ಅದನ್ನು ಬಳಸಿ, ಅದನ್ನು ವೈರ್ ಕವಲೊಡೆಯುವ ಮೊದಲೇ ಜೋಡಿಸಿ. ಕವಲಿನ ನಂತರ ಹಾಕಿದರೆ ಮೀಟರ್ ಸರಿಯಾಗಿ ಓದುತ್ತದೆ, ಗವರ್ನರ್ ತಪ್ಪಾಗಿಯೇ ಓದುತ್ತಿರುತ್ತದೆ. ಗವರ್ನರ್ ಬೇರೆ ಸಾಧನವಾಗಿ ಹೊರಗಿನಿಂದ ಹಾಕಿದ್ದಾದರೆ ಅದರ ಸೀಲನ್ನು ನೀವಾಗಿ ಒಡೆಯಬೇಡಿ. ಅಧಿಕೃತವಾಗಿ ಅಳವಡಿಸುವವರಿಂದಲೇ ಹೊಂದಿಸಿ, ಮತ್ತೆ ಸೀಲ್ ಹಾಕಿಸಿ, ಪ್ರಮಾಣಪತ್ರ ಪಡೆದುಕೊಳ್ಳಿ. ಎಫ್‌ಸಿಗೆ (ಫಿಟ್‌ನೆಸ್ ಪ್ರಮಾಣಪತ್ರಕ್ಕೆ) ಹೋದಾಗ ಅದು ಬೇಕು.

ಹೌಸಿಂಗ್‌ನಲ್ಲಿ ನಿಜಕ್ಕೂ 41/7 ಇದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಮುಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಹಿಂಭಾಗವನ್ನು ಎತ್ತಿ ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎರಡೂ ಬದಿಯ ಚಕ್ರಗಳನ್ನು ಒಟ್ಟಿಗೆ ಆರು ಸುತ್ತು ತಿರುಗಿಸಿದರೆ ಶಾಫ್ಟ್ ಸುಮಾರು 35 ಸುತ್ತು ತಿರುಗಬೇಕು. 41 ಸುತ್ತು ಬಂದರೆ ಒಳಗಿರುವುದು ಹಳೆಯದೇ. ಇನ್ನೊಂದು ವಿಷಯವನ್ನು ಕೇಳದಿದ್ದರೂ ಹೇಳಬೇಕಾಗಿದೆ. 9.00ಕ್ಕೆ 7 ಇಂಚಿನ ರಿಮ್, 10.00ಕ್ಕೆ 7.5 ಇಂಚಿನ ರಿಮ್ ಸೂಕ್ತ. ಹಳೆಯ ರಿಮ್ಮಿಗೇ ಹೊಸ ಟೈರ್ ಏರಿಸಿದ್ದಾರೆಯೇ, ಜೋಡಿ ಟೈರುಗಳ ನಡುವೆ ಲೋಡ್ ಇರುವಾಗಲೂ ಸಂದು ಉಳಿಯುತ್ತದೆಯೇ ಎಂದು ನೋಡಿ. ಸ್ಟೆಪ್ನಿ ಇನ್ನೂ 9.00 ಆಗಿದ್ದರೆ ಅದನ್ನು ಹಿಂದಿನ ಜೋಡಿಯಲ್ಲಿ 10.00ರ ಪಕ್ಕ ಹಾಕಬೇಡಿ, ಭಾರವೆಲ್ಲ ದೊಡ್ಡ ಟೈರಿನ ಮೇಲೆ ಬೀಳುತ್ತದೆ.

ಪ್ರಶ್ನೆ ಕೇಳಿದವರು: ಕಾರಟಗಿಯ ಅಕ್ಕಿ ಲಾರಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಅಕ್ಕಿ ಲೋಡ್ ಆದ ಮೇಲೆ ಗಿರಣಿಯ ಅಂಗಳದಲ್ಲೇ ಅಳೆದೆವು. ಡ್ರೈವರ್ ಸ್ಟಿಯರಿಂಗ್ ಹಿಡಿದರು, ಅಣ್ಣನವರು ತಾವೇ ಟೇಪ್ ಹಿಡಿದರು. ಹತ್ತು ಸುತ್ತಿಗೆ 32 ಮೀಟರ್ 10 ಸೆಂಟಿಮೀಟರ್ ಬಂತು, ಅಂದರೆ ಸುತ್ತಿಗೆ 3.21 ಮೀಟರ್. ಹೆದ್ದಾರಿಯ ಕಲ್ಲುಗಳ ನಡುವೆ 20 ಕಿಲೋಮೀಟರಿಗೆ ಓಡೋಮೀಟರ್ 16.6 ಎಣಿಸಿತು. ಸರ್ವಿಸ್ ಕೇಂದ್ರದಲ್ಲಿ ಓದಿಸಿದಾಗ ಮೀಟರಿನೊಳಗಿದ್ದ ಸಂಖ್ಯೆ 17,600, ಅದನ್ನು 0.83ರಿಂದ ಗುಣಿಸಿದರೆ 14,608. ಸುತ್ತಿಗೆ 8 ಮಿಡಿತ, 5.857 ಅನುಪಾತ, 3.21 ಮೀಟರ್ ಎಂದು ಇನ್ನೊಂದು ದಾರಿಯಲ್ಲಿ ಲೆಕ್ಕ ಹಾಕಿದರೆ 14,597. ಎರಡೂ ಬಹುತೇಕ ಒಂದೇ ಆದ್ದರಿಂದ 14,600 ಎಂದು ನಮೂದಿಸಿದರು. ಈಗ ಮುಳ್ಳೂ ಜಿಪಿಎಸ್ಸೂ ಒಟ್ಟಿಗೆ ನಡೆಯುತ್ತಿವೆ, ಗವರ್ನರನ್ನೂ ಹೊಂದಿಸಿ ಸೀಲ್ ಹಾಕಿಸಿದ್ದೇವೆ.

ಉಳಿದಿರುವುದು ಎರಡು ಪ್ರಶ್ನೆ. ಇಷ್ಟು ದಿನ ಕಡಿಮೆ ಎಣಿಸಿದ ಕಿಲೋಮೀಟರುಗಳನ್ನು ಓಡೋಮೀಟರಿಗೆ ಸೇರಿಸಿಕೊಡುತ್ತೇನೆ ಎಂದು ಮೀಟರ್ ರಿಪೇರಿಯವರು ಹೇಳುತ್ತಿದ್ದಾರೆ, ಅದು ಸರಿಯೇ? ಎರಡನೆಯದು, ನಮ್ಮ ಪಕ್ಕದ ಮನೆಯವರ ಹಳೆಯ ಲಾರಿಯಲ್ಲಿ ಕೇಬಲ್ ಮೀಟರ್ ಇದೆ, ಅವರಿಗೂ ಇದೇ ಬದಲಾವಣೆ ಬೇಕಾಗಿದೆ.

ಉತ್ತರ: ರಾಯಚೂರಿನ ಲಾರಿ ಮೆಕ್ಯಾನಿಕ್

ಕೇಬಲ್ ಮೀಟರ್ ಬಗ್ಗೆ ಮಾತ್ರ ಹೇಳುತ್ತೇನೆ. ಗೇರ್‌ಬಾಕ್ಸಿನ ಹಿಂತುದಿಯಲ್ಲಿ ಕೇಬಲ್ಲನ್ನು ತಿರುಗಿಸುವ ಒಂದು ಸಣ್ಣ ಹಲ್ಲುಚಕ್ರ ಇರುತ್ತದೆ, ಅದನ್ನು ಬದಲಿಸುವುದೇ ಸರಿಯಾದ ಕ್ರಮ. ಮೀಟರ್ ಕಡಿಮೆ ತೋರಿಸುತ್ತಿದ್ದರೆ ಕೇಬಲ್ ಇನ್ನೂ ಬೇಗ ತಿರುಗಬೇಕು, ಆದ್ದರಿಂದ ಹಲ್ಲು ಕಡಿಮೆ ಇರುವ ಚಕ್ರ ಬೇಕು. ಇಲ್ಲಿ ಬೇಕಾದ ಏರಿಕೆ 1.2 ಪಟ್ಟು, ಈಗ 18 ಹಲ್ಲಿನದಿದ್ದರೆ 15 ಹಲ್ಲಿನದು ಸರಿಹೊಂದುತ್ತದೆ. ಹಲ್ಲುಚಕ್ರ ಬದಲಿಸಿದಾಗ ಅದರ ಹೊರಕವಚವೂ ಬದಲಾಗಬೇಕಾಗಬಹುದು, ಎರಡೂ ಚಕ್ರಗಳು ಸರಿಯಾಗಿ ಕಚ್ಚಿಕೊಂಡಿವೆಯೇ ಎಂದು ಕೈಯಿಂದ ತಿರುಗಿಸಿ ನೋಡದೆ ಮುಚ್ಚಬಾರದು. ಬೇಕಾದ ಹಲ್ಲಿನದು ಸಿಗದಿದ್ದರೆ ಕೇಬಲ್ಲಿನ ನಡುವೆ ಹಾಕುವ ಗೇರಿನ ಪೆಟ್ಟಿಗೆ ಮಾಡಿಸಿಕೊಳ್ಳಬಹುದು. ಮುಳ್ಳು ನಡುಗುತ್ತಿದ್ದರೆ ಅದು ಅನುಪಾತದ ತಪ್ಪಲ್ಲ, ಕೇಬಲ್ ಒಣಗಿದೆ ಅಥವಾ ಎಲ್ಲಿಯೋ ಹೆಚ್ಚು ಬಾಗಿದೆ ಎಂದು ತಿಳಿಯಬೇಕು. ಮೊದಲು ಅದನ್ನು ಸರಿ ಮಾಡಿಯೇ ವೇಗ ಪರೀಕ್ಷಿಸಲಿ.

ಉತ್ತರ: ಕೊಪ್ಪಳದ ಸಾಗಣೆ ಲೆಕ್ಕಿಗ

ಓಡೋಮೀಟರಿನ ಹಳೆಯ ಅಂಕಿಯನ್ನು ಮುಟ್ಟಿಸಬೇಡಿ, ಏರಿಸುವುದೂ ಬೇಡ, ಇಳಿಸುವುದೂ ಬೇಡ. ಉದ್ದೇಶ ಒಳ್ಳೆಯದಿದ್ದರೂ ಒಮ್ಮೆ ತಿದ್ದಿದ ಅಂಕಿಯನ್ನು ನಾಳೆ ಕೊಳ್ಳುವವರಾಗಲಿ ವಿಮೆಯವರಾಗಲಿ ನಂಬುವುದಿಲ್ಲ. ಅದರ ಬದಲು ಲಾಗ್ ಪುಸ್ತಕದಲ್ಲಿ ಎರಡು ಸಾಲು ಬರೆಯಿರಿ: ಕ್ರೌನ್-ಪಿನಿಯನ್ ಬದಲಿಸಿದ ದಿನದ ಅಂಕಿ, ಮೀಟರ್ ಸರಿಪಡಿಸಿದ ದಿನದ ಅಂಕಿ. ಎರಡರ ನಡುವಿನ ವ್ಯತ್ಯಾಸವನ್ನು 1.2ರಿಂದ ಗುಣಿಸಿದರೆ ನಿಜವಾದ ಓಟ ಸಿಗುತ್ತದೆ. ಸರ್ವಿಸ್ ಕೇಂದ್ರದ ಬಿಲ್ಲನ್ನು ಅದೇ ಪುಟಕ್ಕೆ ಪಿನ್ ಮಾಡಿ ಇಡಿ, ಲಾರಿ ಮಾರುವಾಗ ಕೊಳ್ಳುವವರಿಗೆ ಅದರ ಪ್ರತಿ ಕೊಡಿ.

ಆ ಅವಧಿಯ ಎಲ್ಲ ಲೆಕ್ಕಗಳಿಗೂ ಇದೇ ಗುಣಕ ಅನ್ವಯಿಸುತ್ತದೆ. 20,000 ಕಿಲೋಮೀಟರಿಗೆ ಆಯಿಲ್ ಬದಲಿಸುವ ರೂಢಿಯಿದ್ದರೆ ಮೀಟರಿನಲ್ಲಿ 20,000 ಕಂಡಾಗ ಎಂಜಿನ್ 24,000 ಓಡಿಬಿಟ್ಟಿರುತ್ತದೆ, ಆದ್ದರಿಂದ ಮುಂದಿನ ಸರ್ವಿಸನ್ನು ಮುಂದೂಡಬೇಡಿ. ಆರ್‌ಸಿಯಲ್ಲಿ ಸಾರಿಗೆ ವಾಹನಗಳಿಗೆ ಟೈರಿನ ಅಳತೆಯೂ ನಮೂದಾಗಿರುತ್ತದೆ, ಅಲ್ಲಿ 9.00-20 ಎಂದೇ ಇದ್ದರೆ, ನಿಮ್ಮ ಮಾದರಿಗೆ 10.00 ಆರ್ 20 ಅನ್ನು ಕಂಪನಿ ಒಪ್ಪಿದೆಯೇ ಎಂದು ನೋಡಿ ಆರ್‌ಟಿಓ ಕಚೇರಿಯಲ್ಲಿ ಅದನ್ನು ಸರಿಪಡಿಸಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ವಿವರಗಳಿಂದ ಬೇರೆಯಾಗುವ ಬದಲಾವಣೆಗಳಿಗೆ ಸಂಬಂಧಿಸಿದ್ದು.

ಡ್ರೈವರ್ ವಿಷಯ. ಕಿಲೋಮೀಟರ್ ಲೆಕ್ಕದ ಮೇಲೆ ಭತ್ಯೆ ಕೊಡುವ ಪದ್ಧತಿ ನಿಮ್ಮಲ್ಲಿದ್ದರೆ ಆ ಅವಧಿಯಲ್ಲಿ ಅವರಿಗೆ ಪ್ರತಿ ನೂರು ಕಿಲೋಮೀಟರಿಗೆ 17 ಕಿಲೋಮೀಟರಿನ ಹಣ ಕಡಿಮೆ ಸಂದಿದೆ, ಡೀಸೆಲ್ ಹೆಚ್ಚಾಯಿತೆಂದು ಸಂಬಳದಲ್ಲಿ ಏನಾದರೂ ಹಿಡಿದಿದ್ದರೆ ಅದೂ ಬಾಕಿ. ಟ್ರಿಪ್ ಚೀಟಿಗಳನ್ನು ಇಟ್ಟುಕೊಂಡು ಅಣ್ಣನವರು ಅವರೆದುರಿಗೇ ಒಂದೊಂದಾಗಿ ಲೆಕ್ಕ ಮಾಡಿ, ಬರಬೇಕಾದದ್ದನ್ನು ಈ ತಿಂಗಳ ಸಂಬಳದ ಜೊತೆಗೇ ಕೊಟ್ಟು ಪುಸ್ತಕದಲ್ಲಿ ಸಹಿ ಪಡೆಯಲಿ.